ಐಸಿಯುವಿನಲ್ಲಿ ಸೆಂಟ್ರಲ್ ಲೈನ್ ರಕ್ತಸೋಂಕು: ಲೆಕ್ಕ ಇಡುವುದು ಹೇಗೆ, ತಡೆಯುವುದು ಹೇಗೆ?

ಪ್ರಶ್ನೆ: ಐಸಿಯು ಶುಶ್ರೂಷಾಧಿಕಾರಿ, ಕಾರವಾರ

ಎಲ್ಲರಿಗೂ ನಮಸ್ಕಾರ. ಕಾರವಾರದ ಒಂದು ಆಸ್ಪತ್ರೆಯ ಎಂಟು ಹಾಸಿಗೆಗಳ ಐಸಿಯುವಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳದೊಳಗೆ ಹಾಕುವ ತೆಳು ನಳಿಕೆ) ಹಾಕಿಸಿಕೊಂಡ ರೋಗಿಗಳಲ್ಲಿ ಕಾಣಿಸಿಕೊಳ್ಳುವ ರಕ್ತಸೋಂಕಿನ ಲೆಕ್ಕ ಇಡಬೇಕೆಂದು ನಮ್ಮಲ್ಲಿ ತೀರ್ಮಾನವಾಗಿದ್ದು, ಅದರ ರಿಜಿಸ್ಟರ್ ನನ್ನ ಪಾಲಿಗೆ ಬಂದಿದೆ. ಕೆಲಸವನ್ನು ಮನಸ್ಸಿಟ್ಟು ಮಾಡಬೇಕೆಂಬ ಆಸೆಯಿದೆ. ಆದರೆ ಯಾವುದನ್ನು ಎಣಿಸಬೇಕು, ಯಾವುದನ್ನು ಬಿಡಬೇಕು ಎಂಬಲ್ಲಿಯೇ ತೊಡಕಾಗಿದೆ.

ಮಳೆಗಾಲದಲ್ಲಿ ನಮ್ಮಲ್ಲಿಗೆ ಇಲಿಜ್ವರದಿಂದ ಮೂತ್ರಪಿಂಡ ಕೆಟ್ಟವರು ಬರುತ್ತಾರೆ. ಅವರಿಗೆ ಕುತ್ತಿಗೆಯಲ್ಲೋ ತೊಡೆಸಂದಿಯಲ್ಲೋ ಡಯಾಲಿಸಿಸ್ ಲೈನ್ ಇರುತ್ತದೆ. ಅದನ್ನೂ ಸೆಂಟ್ರಲ್ ಲೈನ್ ಎಂದೇ ಬರೆದುಕೊಳ್ಳಬೇಕೇ? ಬೇರೆ ಊರಿನ ಆಸ್ಪತ್ರೆಯಲ್ಲಿ ಲೈನ್ ಹಾಕಿಸಿಕೊಂಡು ಬಂದವರಿಗೆ ಇಲ್ಲಿ ಜ್ವರ ಬಂದರೆ ಅದು ಯಾರ ಲೆಕ್ಕಕ್ಕೆ ಸೇರುತ್ತದೆ? ನಮ್ಮಿಂದ ಮಂಗಳೂರು, ಮಣಿಪಾಲ, ಗೋವಾ, ಹುಬ್ಬಳ್ಳಿಗಳಿಗೆ ಹೋಗುವ ರೋಗಿಗಳೂ ಅನೇಕರಿದ್ದು, ಕೆಲವೊಮ್ಮೆ ರೋಗಿ ಆಂಬುಲೆನ್ಸ್ ಹತ್ತಿದ ಮೇಲೆ ಕಲ್ಚರ್ (ರಕ್ತದಲ್ಲಿ ಜೀವಾಣು ಬೆಳೆಯುತ್ತದೆಯೇ ಎಂಬ ಪರೀಕ್ಷೆ) ವರದಿ ನಮ್ಮ ಕೈ ಸೇರುತ್ತದೆ. ಇನ್ನು ವರದಿಯಲ್ಲಿ ಚರ್ಮದ ಮೇಲಿನ ಸಾಮಾನ್ಯ ಜೀವಾಣು ಬೆಳೆದಿದೆ ಎಂದಿದ್ದರೆ ಒಬ್ಬ ವೈದ್ಯರು ಅದನ್ನು ಸೋಂಕು ಎನ್ನುತ್ತಾರೆ, ಮತ್ತೊಬ್ಬರು ಮಾದರಿ ತೆಗೆಯುವಾಗ ಸೇರಿದ ಕಲಬೆರಕೆ ಎನ್ನುತ್ತಾರೆ.

ಇವೆಲ್ಲ ಲೆಕ್ಕದ ಮಾತಾದವು. ತಡೆಯುವ ವಿಷಯದಲ್ಲೂ ಎರಡು ಪ್ರಶ್ನೆಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಇಲ್ಲಿನ ತೇವಕ್ಕೆ ರೋಗಿಯ ಕುತ್ತಿಗೆ ಬೆವರಿ, ಬೆಳಿಗ್ಗೆ ಅಂಟಿಸಿದ ಪಾರದರ್ಶಕ ಡ್ರೆಸಿಂಗ್ ಸಂಜೆಗೆ ಅಂಚಿನಲ್ಲಿ ಎದ್ದಿರುತ್ತದೆ. ಅದರ ಮೇಲೆ ಪ್ಲಾಸ್ಟರ್ ಹಾಕಿ ಭದ್ರಪಡಿಸಿದರೆ ಸಾಕೇ? ಎರಡನೆಯದಾಗಿ, ಲೈನ್ ಹಾಕುವಾಗ ಯಾವುದಾದರೂ ಹಂತ ತಪ್ಪಿಹೋದದ್ದು ಕಂಡರೆ ಸಿಸ್ಟರ್ ಆದವಳು ಅದನ್ನು ಹೇಗೆ ಹೇಳಬೇಕು? ಅನುಭವವುಳ್ಳವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ: ಸೂಕ್ಷ್ಮಜೀವಿಶಾಸ್ತ್ರ ವೈದ್ಯೆ, ಕುಮಟಾ ಮೂಲದವರು

ಸಿಸ್ಟರ್, ನಿಮ್ಮ ಪ್ರಶ್ನೆಗಳು ಬಹಳ ಸರಿಯಾದ ಜಾಗದಲ್ಲಿವೆ. ಒಂದು ವಿಷಯ ಮೊದಲೇ ಸ್ಪಷ್ಟವಾಗಿರಲಿ. ರೋಗಿಗೆ ಚಿಕಿತ್ಸೆ ಕೊಡಲು ವೈದ್ಯರು ಮಾಡುವ ನಿರ್ಣಯ ಒಂದು, ರಿಜಿಸ್ಟರಿನಲ್ಲಿ ಎಣಿಸಲು ಬಳಸುವ ನಿಯಮ ಇನ್ನೊಂದು. ವೈದ್ಯರು ಅನುಮಾನದ ಮೇಲೂ ಚಿಕಿತ್ಸೆ ಆರಂಭಿಸಬಹುದು ಮತ್ತು ಆರಂಭಿಸಬೇಕು. ಎಣಿಕೆಯ ನಿಯಮ ಮಾತ್ರ ಯಾರು ಬರೆದರೂ, ಯಾವ ತಿಂಗಳು ಬರೆದರೂ ಒಂದೇ ಆಗಿರಬೇಕು. ಹಾಗಿಲ್ಲದಿದ್ದರೆ ಈ ವರ್ಷದ ಅಂಕಿಯನ್ನು ಮುಂದಿನ ವರ್ಷದ್ದರ ಜೊತೆ ಹೋಲಿಸಲು ಬರುವುದಿಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ನಿಯಮಗಳನ್ನೇ ನಮ್ಮ ದೇಶದಲ್ಲೂ ಹೆಚ್ಚಾಗಿ ಅನುಸರಿಸುತ್ತಾರೆ. ನಾನು ಮುಂದೆ ಹೇಳುವುದೂ ಅವನ್ನೇ.

ಲೈನಿನ ತುದಿ ಹೃದಯದಲ್ಲಿ, ಹೃದಯದ ಹತ್ತಿರ ಅಥವಾ ದೊಡ್ಡ ರಕ್ತನಾಳಗಳಲ್ಲೊಂದರಲ್ಲಿ ಇದ್ದು, ಅದರ ಮೂಲಕ ದ್ರವ ಕೊಡುವುದು, ರಕ್ತ ತೆಗೆಯುವುದು ಅಥವಾ ಒತ್ತಡ ಅಳೆಯುವುದು ನಡೆದರೆ ಅದು ಸೆಂಟ್ರಲ್ ಲೈನ್. ಆದ್ದರಿಂದ ಡಯಾಲಿಸಿಸ್ ಲೈನ್ ಕುತ್ತಿಗೆಯಲ್ಲಿರಲಿ, ತೊಡೆಸಂದಿಯಲ್ಲಿರಲಿ, ಲೆಕ್ಕಕ್ಕೆ ಸೇರುತ್ತದೆ. ತೋಳಿನ ನಾಳದಿಂದ ಹೃದಯದ ಹತ್ತಿರದವರೆಗೆ ಸೇರಿಸುವ ಉದ್ದ ಲೈನ್ ಆದ ಪಿಐಸಿಸಿಯೂ ಸೇರುತ್ತದೆ. ಕೈಯ ನಾಳಕ್ಕೆ ಹಾಕುವ ಸಾಮಾನ್ಯ ಕ್ಯಾನುಲಾ (ಚಿಕ್ಕ ನಳಿಕೆ) ಮತ್ತು ಮಣಿಕಟ್ಟಿನ ಅಪಧಮನಿಗೆ ಹಾಕುವ ಆರ್ಟೀರಿಯಲ್ ಲೈನ್ ಸೇರುವುದಿಲ್ಲ. ಪ್ರತಿದಿನ ಒಂದೇ ಹೊತ್ತಿಗೆ, ಬೆಳಿಗ್ಗೆ ಹತ್ತಕ್ಕೆ ಎಂದಿಟ್ಟುಕೊಳ್ಳಿ, ಐಸಿಯುವಿನಲ್ಲಿ ಎಷ್ಟು ರೋಗಿಗಳಿದ್ದಾರೆ, ಅವರಲ್ಲಿ ಎಷ್ಟು ಜನರಿಗೆ ಸೆಂಟ್ರಲ್ ಲೈನ್ ಇದೆ ಎಂಬ ಎರಡು ಅಂಕಿಗಳನ್ನು ಬರೆಯಿರಿ. ಒಬ್ಬರಿಗೆ ಎರಡು ಲೈನ್ ಇದ್ದರೂ ಆ ದಿನಕ್ಕೆ ಒಂದೇ ಲೈನ್ ದಿನ. ತಿಂಗಳ ಕೊನೆಗೆ ಸೋಂಕಿನ ಸಂಖ್ಯೆಯನ್ನು ಒಟ್ಟು ಲೈನ್ ದಿನಗಳಿಂದ ಭಾಗಿಸಿ 1000ದಿಂದ ಗುಣಿಸಿದರೆ ದರ ಸಿಗುತ್ತದೆ. ಲೈನ್ ದಿನಗಳನ್ನು ರೋಗಿ ದಿನಗಳಿಂದ (ಪ್ರತಿದಿನದ ರೋಗಿಗಳ ಸಂಖ್ಯೆಯ ಮೊತ್ತದಿಂದ) ಭಾಗಿಸಿದರೆ ನಿಮ್ಮ ಐಸಿಯುವಿನಲ್ಲಿ ಲೈನಿನ ಬಳಕೆ ಎಷ್ಟೆಂಬುದು ತಿಳಿಯುತ್ತದೆ. ಈ ಎರಡನೆಯ ಅಂಕಿಯನ್ನು ಬಹಳ ಮಂದಿ ಕಡೆಗಣಿಸುತ್ತಾರೆ. ನನ್ನ ಮಟ್ಟಿಗೆ ಅದು ಮೊದಲನೆಯದರಷ್ಟೇ ಮುಖ್ಯ, ಏಕೆಂದರೆ ಬೇಡದ ಲೈನ್ ತೆಗೆದರೆ ಮೊದಲು ಇಳಿಯುವುದು ಅದೇ.

ಸೋಂಕು ಎಂದು ಎಣಿಸಬೇಕಾದರೆ ಲೈನ್ ಎರಡು ದಿನ ದಾಟಿರಬೇಕು, ಅಂದರೆ ಮೂರನೆಯ ದಿನ ಅಥವಾ ಅದರ ನಂತರದ ಘಟನೆಯಾಗಿರಬೇಕು. ಲೈನ್ ತೆಗೆದ ದಿನ ಅಥವಾ ಅದರ ಮರುದಿನ ಸೋಂಕು ಕಂಡರೂ ಅದು ಲೈನಿನ ಲೆಕ್ಕಕ್ಕೇ ಸೇರುತ್ತದೆ. ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್, ಸ್ಟೆಫೈಲೊಕಾಕಸ್ ಆರಿಯಸ್, ಕ್ಯಾಂಡಿಡಾದಂಥ ರೋಗಕಾರಕ ಒಂದೇ ಕಲ್ಚರಿನಲ್ಲಿ ಬೆಳೆದರೂ ಸಾಕು. ಚರ್ಮದ ಸಾಮಾನ್ಯ ಜೀವಾಣುವಾದರೆ ಅದೇ ದಿನ ಅಥವಾ ಮರುದಿನದೊಳಗೆ ಬೇರೆಬೇರೆಯಾಗಿ ತೆಗೆದ ಎರಡು ಮಾದರಿಗಳಲ್ಲಿ ಅದೇ ಜೀವಾಣು ಬೆಳೆದಿರಬೇಕು. ಜೊತೆಗೆ 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ಚಳಿನಡುಕ ಅಥವಾ ರಕ್ತದೊತ್ತಡದ ಕುಸಿತ ಇರಬೇಕು. ನಿಮ್ಮ ಇಬ್ಬರು ವೈದ್ಯರ ಭಿನ್ನಾಭಿಪ್ರಾಯಕ್ಕೆ ಉತ್ತರ ಇಲ್ಲಿಯೇ ಇದೆ. ಒಂದೇ ಬಾಟಲಿ ಕಳುಹಿಸಿದ್ದರೆ ಇಬ್ಬರ ಮಾತನ್ನೂ ಸಾಬೀತುಮಾಡಲು ಬರುವುದಿಲ್ಲ.

ಇದರ ಜೊತೆಗೆ, ಆ ಜೀವಾಣು ದೇಹದ ಬೇರೆ ಜಾಗದಿಂದ ರಕ್ತಕ್ಕೆ ಬಂದದ್ದಲ್ಲ ಎಂಬುದನ್ನು ನೋಡಬೇಕು. ದೋಣಿಯ ಮೇಲೆ ಕಾಲಿಗೆ ಪೆಟ್ಟಾದ ಮೀನುಗಾರನೊಬ್ಬನ ಗಾಯ ಸೋಂಕಿನ ಮಾನದಂಡಗಳನ್ನು ಪೂರೈಸಿ, ಅದರ ಕೀವಿನಲ್ಲಿಯೂ ರಕ್ತದಲ್ಲಿಯೂ ಒಂದೇ ಜೀವಾಣು ಬೆಳೆದಿದ್ದರೆ ಅದು ಗಾಯದಿಂದ ಬಂದ ರಕ್ತಸೋಂಕು. ಅದು ಲೈನಿನ ಪಾಲಿಗೆ ಬರುವುದಿಲ್ಲ. ಆದರೆ ಲೆಕ್ಕ ತಪ್ಪಿಸಲೆಂದು ಎಲ್ಲವನ್ನೂ ನ್ಯುಮೋನಿಯಾದ ತಲೆಗೆ ಕಟ್ಟುವ ಅಭ್ಯಾಸ ಬೆಳೆಯಬಾರದು.

ಕಲ್ಚರಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಇಡೀ ರಿಜಿಸ್ಟರ್ ಅದರ ಮೇಲೆ ನಿಂತಿದೆ. ಆ್ಯಂಟಿಬಯೋಟಿಕ್ ಕೊಡುವ ಮೊದಲು ಎರಡು ಸೆಟ್ (ಒಂದು ಸಲಕ್ಕೆ ತೆಗೆದ ರಕ್ತದ ಬಾಟಲಿಗಳು ಒಂದು ಸೆಟ್) ತೆಗೆಯಬೇಕು. ವಯಸ್ಕರಾದರೆ ಪ್ರತಿ ಬಾಟಲಿಗೆ 8ರಿಂದ 10 ಮಿ.ಲೀ. ರಕ್ತ ಬೇಕು. ಎರಡು ಮೂರು ಮಿ.ಲೀ. ಹಾಕಿದರೆ ಜೀವಾಣು ಇದ್ದರೂ ಸಿಕ್ಕದೆ ಹೋಗಬಹುದು. ಲೈನಿನ ಮೇಲೆಯೇ ಅನುಮಾನವಿದ್ದರೆ ಒಂದು ಸೆಟ್ ಲೈನಿನಿಂದ, ಇನ್ನೊಂದು ಕೈಯ ನಾಳದಿಂದ, ಒಂದೇ ಹೊತ್ತಿಗೆ, ಒಂದೇ ಪ್ರಮಾಣದಲ್ಲಿ ತೆಗೆಯಿರಿ. ಲೈನಿನ ಬಾಟಲಿ ಕೈಯ ಬಾಟಲಿಗಿಂತ ಕನಿಷ್ಠ 120 ನಿಮಿಷ ಮೊದಲು ಪಾಸಿಟಿವ್ ಆದರೆ (ಜೀವಾಣು ಬೆಳೆದದ್ದನ್ನು ಲ್ಯಾಬಿನ ಯಂತ್ರ ತೋರಿಸಿದರೆ) ಸೋಂಕಿನ ಮೂಲ ಲೈನೇ ಎಂಬುದಕ್ಕೆ ಅದು ಬಲವಾದ ಸಾಕ್ಷಿ. ಆದರೆ ಬಾಟಲಿಯನ್ನು ಘಟ್ಟ ಹತ್ತಿಸಿ ಹುಬ್ಬಳ್ಳಿಯ ಲ್ಯಾಬಿಗೆ ಕಳುಹಿಸುವ ಕಡೆ, ಯಂತ್ರಕ್ಕೆ ಸೇರುವ ಮೊದಲೇ ಗಂಟೆಗಳು ಕಳೆದಿರುವುದರಿಂದ, ಈ ಸಮಯದ ವ್ಯತ್ಯಾಸವನ್ನು ನಂಬಲಾಗದು. ಹಾಗೆ ಕಳುಹಿಸುವಾಗ ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಕೋಣೆಯ ಉಷ್ಣತೆಯಲ್ಲಿಯೇ ಇರಲಿ. ತೆಗೆದ ಲೈನಿನ ತುದಿಯನ್ನೆಲ್ಲ ಕಲ್ಚರಿಗೆ ಕಳುಹಿಸುವ ರೂಢಿಯನ್ನೂ ಕೈಬಿಡಬಹುದು. ತುದಿಯಲ್ಲಿ ಏನೋ ಬೆಳೆದ ಮಾತ್ರಕ್ಕೆ ರಕ್ತಸೋಂಕು ಎನ್ನಲಾಗದು.

ಉತ್ತರ: ಸೋಂಕು ನಿಯಂತ್ರಣ ಶುಶ್ರೂಷಕಿ, ಶಿರಸಿ

ಮೇಡಂ ಲೆಕ್ಕದ ಭಾಗವನ್ನು ಪೂರ್ಣವಾಗಿ ಹೇಳಿದ್ದಾರೆ. ಲೈನ್ ಹಾಕಿದ ಮೇಲಿನ ಆರೈಕೆಯ ಬಗ್ಗೆ ನಾನು ಬರೆಯುತ್ತೇನೆ. ನಮ್ಮಂಥ ಕಡೆ ಹೆಚ್ಚಿನ ಸೋಂಕು ಈ ದಿನಗಳಲ್ಲಿಯೇ ಒಳಸೇರುತ್ತದೆ ಎಂಬುದು ನನ್ನ ಅಭಿಪ್ರಾಯ.

ಜೀವಾಣು ಒಳಹೋಗುವ ಮುಖ್ಯ ದಾರಿ ಎರಡು. ಮೊದಲ ದಿನಗಳಲ್ಲಿ ಅದು ಚುಚ್ಚಿದ ಜಾಗದ ಚರ್ಮದಿಂದ ಲೈನಿನ ಹೊರಮೈ ಹಿಡಿದು ಇಳಿಯುತ್ತದೆ. ದಿನ ಕಳೆದಂತೆ ಹಬ್ಬಿನ (ಲೈನಿನ ಹೊರತುದಿಯ ಜೋಡಣೆಯ) ಬಾಯಿಂದ ಒಳಮೈ ಹಿಡಿದು ಹೋಗುವುದು ಹೆಚ್ಚು. ಒಳಗೆ ಹೋದದ್ದು ಮಳೆಗಾಲದಲ್ಲಿ ಬಾವಿಯ ಕಲ್ಲಿಗೆ ಹಿಡಿದ ಪಾಚಿಯಂತೆ ಲೈನಿನ ಗೋಡೆಗೆ ಪದರವಾಗಿ ಕಟ್ಟಿಕೊಳ್ಳುತ್ತದೆ. ಆ ಪದರದೊಳಗಿನ ಜೀವಾಣುವಿಗೆ ಔಷಧ ಸರಿಯಾಗಿ ತಾಗುವುದಿಲ್ಲ. ಆದ್ದರಿಂದ ನಿಮ್ಮ ರಿಜಿಸ್ಟರಿನಲ್ಲಿ ಪ್ರತಿ ಸೋಂಕಿನ ಎದುರು ಲೈನ್ ಹಾಕಿ ಎಷ್ಟನೆಯ ದಿನ ಎಂಬುದನ್ನೂ ಬರೆಯಿರಿ. ಮೊದಲ ವಾರದೊಳಗಿನವು ಹೆಚ್ಚಿದ್ದರೆ ಹಾಕುವ ಕ್ರಮವನ್ನು ಮೊದಲು ನೋಡಬೇಕು. ಅದರ ನಂತರದವು ಹೆಚ್ಚಿದ್ದರೆ ನಾವು ದಿನನಿತ್ಯ ಕೈಹಾಕುವ ರೀತಿಯನ್ನು ನೋಡಬೇಕು.

ಡ್ರೆಸಿಂಗ್ ವಿಷಯ. ಅಂಚು ಎದ್ದ ಡ್ರೆಸಿಂಗಿನ ಮೇಲೆ ಪ್ಲಾಸ್ಟರ್ ಹಾಕುವುದು ಬೇಡವೇ ಬೇಡ. ಎದ್ದದ್ದು, ಒದ್ದೆಯಾದದ್ದು, ರಕ್ತ ಕಂಡದ್ದು ಯಾವುದೇ ಇರಲಿ, ಅವಧಿಗೆ ಕಾಯದೆ ಬದಲಾಯಿಸಬೇಕು. ಪಾರದರ್ಶಕ ಡ್ರೆಸಿಂಗ್ ಭದ್ರವಾಗಿ ಕುಳಿತಿದ್ದರೆ ಏಳು ದಿನದೊಳಗೆ ಒಮ್ಮೆ ಬದಲಾಯಿಸಿದರೆ ಸಾಕು, ಗಾಜ್ ಡ್ರೆಸಿಂಗನ್ನು ಎರಡು ದಿನಕ್ಕೊಮ್ಮೆ ಬದಲಾಯಿಸಬೇಕು. ವಿಪರೀತ ಬೆವರುವ ಅಥವಾ ಚುಚ್ಚಿದ ಜಾಗದಲ್ಲಿ ರಕ್ತ ಜಿನುಗುವ ರೋಗಿಗೆ, ಅದು ನಿಲ್ಲುವವರೆಗೆ, ಗಾಜ್ ಡ್ರೆಸಿಂಗೇ ಸೂಕ್ತ ಎಂದು ಮಾರ್ಗಸೂಚಿಗಳು ಹೇಳುತ್ತವೆ. ಕರಾವಳಿಯ ಮಳೆಗಾಲಕ್ಕೆ ಇದು ಬಹಳ ಉಪಯುಕ್ತ. ಅಂಟು ಹಿಡಿಯದಿರಲು ತೇವವೊಂದೇ ಕಾರಣವಲ್ಲ. ಆಲ್ಕೊಹಾಲ್ ಬೆರೆತ ಜೀವಾಣುನಾಶಕ ಕ್ಲೋರ್‌ಹೆಕ್ಸಿಡಿನ್ ಹಚ್ಚಿ, ಅದು ತಾನಾಗಿ ಪೂರ್ತಿ ಒಣಗುವ ಮೊದಲೇ ಅಂಟಿಸುವ ಅವಸರವೂ ಕಾರಣ. ಗಾಳಿ ಬೀಸಿಯೋ ಗಾಜ್ ಒತ್ತಿಯೋ ಒಣಗಿಸಬಾರದು. ಥ್ರೀ ವೇಗಳ (ದ್ರವದ ದಾರಿ ತಿರುಗಿಸುವ ಮೂರು ಬಾಯಿಯ ನಲ್ಲಿಗಳ) ಸಾಲು ಕುತ್ತಿಗೆಯಿಂದ ಜೋತುಬಿದ್ದು ಎಳೆಯುತ್ತಿದ್ದರೆ ಎಂಥ ಡ್ರೆಸಿಂಗೂ ನಿಲ್ಲುವುದಿಲ್ಲ, ಆದ್ದರಿಂದ ಅದರ ಭಾರವನ್ನು ಬೇರೆಡೆ ಭದ್ರಪಡಿಸಿ.

ಹಬ್ ಮುಟ್ಟುವ ಮೊದಲು ಪ್ರತಿ ಸಲವೂ ಕೈ ಸ್ವಚ್ಛಗೊಳಿಸಿ, ಆಲ್ಕೊಹಾಲ್ ಸ್ವಾಬಿನಿಂದ ಹಬ್ಬನ್ನು ಹದಿನೈದು ಸೆಕೆಂಡು ತಿಕ್ಕಿ, ಒಣಗಲು ಬಿಡಬೇಕು. ಒಮ್ಮೆ ಸವರಿ ಮುಗಿಸಿದರೆ ತಿಕ್ಕಿದಂತಾಗುವುದಿಲ್ಲ. ಸಾಮಾನ್ಯ ಡ್ರಿಪ್ ಸೆಟ್ಟನ್ನು ನಾಲ್ಕು ದಿನಕ್ಕೆ ಮೊದಲು ಬದಲಾಯಿಸುವ ಅಗತ್ಯವಿಲ್ಲ, ಏಳು ದಿನದವರೆಗೂ ಇಡಬಹುದು. ಆದರೆ ರಕ್ತ ಅಥವಾ ಕೊಬ್ಬಿನ ದ್ರವ ಹೋದ ಸೆಟ್ 24 ಗಂಟೆಯೊಳಗೆ ಹೋಗಬೇಕು, ಪ್ರೊಪೊಫಾಲ್ (ನಿದ್ದೆ ಬರಿಸುವ ಔಷಧ) ಹೋಗುವ ಸೆಟ್ ಇನ್ನೂ ಬೇಗ, 6ರಿಂದ 12 ಗಂಟೆಯೊಳಗೆ.

ಇನ್ನೊಂದು ರೂಢಿಯನ್ನು ನಾನು ಗಟ್ಟಿಯಾಗಿಯೇ ವಿರೋಧಿಸುತ್ತೇನೆ. ಸಲೈನ್ ಬಾಟಲಿಯೊಂದಕ್ಕೆ ಸೂಜಿ ಚುಚ್ಚಿಟ್ಟು, ಇಡೀ ಪಾಳಿಯಲ್ಲಿ ಎಲ್ಲ ರೋಗಿಗಳ ಲೈನ್ ತೊಳೆಯುವ ಫ್ಲಶ್‌ಗೂ ಅದರಿಂದಲೇ ಎಳೆಯುವುದು ಹಲವು ಕಡೆ ನಡೆಯುತ್ತದೆ. ಒಂದು ಬಾಟಲಿ ಕೆಟ್ಟರೆ ಒಂದೇ ಜೀವಾಣು ನಾಲ್ಕು ಹಾಸಿಗೆಗಳಲ್ಲಿ ಕಾಣಿಸಿಕೊಳ್ಳಬಹುದು. ಬರ್ಕೊಲ್ಡೇರಿಯಾದಂಥ ನೀರಿನ ಜೀವಾಣು ಇಬ್ಬರು ಮೂವರಲ್ಲಿ ಒಟ್ಟಿಗೆ ಬೆಳೆದರೆ ಮೊದಲು ಅನುಮಾನಿಸಬೇಕಾದದ್ದು ಇಂಥ ಹಂಚಿಕೊಂಡ ದ್ರವವನ್ನೇ. ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಗಾಳಿ ಹೋಗಲೆಂದು ಸೂಜಿ ಚುಚ್ಚುವುದೂ ಹೊರಗಿನ ಗಾಳಿಯನ್ನು ಒಳಗೆ ಕರೆದಂತೆ. ತಾನಾಗಿ ಕುಗ್ಗುವ ಚೀಲ ತರಿಸಲು ಸಾಧ್ಯವಿದ್ದರೆ ಅದನ್ನೇ ಕೇಳಿ.

ಎರಡು ತಿಂಗಳು ಮೀರಿದ ವಯಸ್ಸಿನ ಐಸಿಯು ರೋಗಿಗಳಿಗೆ ದಿನಕ್ಕೊಮ್ಮೆ ಕ್ಲೋರ್‌ಹೆಕ್ಸಿಡಿನ್‌ನಿಂದ ಮೈ ಒರೆಸುವುದೂ ಈಗ ಮುಖ್ಯ ಕ್ರಮಗಳಲ್ಲಿ ಸೇರಿದೆ. ಮುಖಕ್ಕೆ ಮಾತ್ರ ಬೇಡ, ಕಣ್ಣು ಕಿವಿಗಳಿಗೆ ಅದು ತಾಗಬಾರದು.

ಉತ್ತರ: ಅರಿವಳಿಕೆ ತಜ್ಞ, ಹೊನ್ನಾವರ

ಲೈನ್ ಹಾಕುವವರ ಕಡೆಯಿಂದ ಎರಡು ಮಾತು. ಸಿಸ್ಟರ್ ಕೇಳಿದ ಕೊನೆಯ ಪ್ರಶ್ನೆ ನಮ್ಮ ಪಾಲಿನದು, ಆದ್ದರಿಂದ ಅದಕ್ಕೆ ವೈದ್ಯರೇ ಉತ್ತರಿಸಬೇಕು.

ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಪೀಟರ್ ಪ್ರೊನೊವೊಸ್ಟ್ ಮತ್ತು ಸಂಗಡಿಗರು ನಡೆಸಿದ ಕೆಲಸದ ವರದಿ 2006ರಲ್ಲಿ ಪ್ರಕಟವಾಯಿತು. ಅವರು ಹೊಸ ಔಷಧವನ್ನಾಗಲಿ ಹೊಸ ಯಂತ್ರವನ್ನಾಗಲಿ ತಂದಿರಲಿಲ್ಲ. ಕೈ ತೊಳೆಯುವುದು, ಟೋಪಿ, ಮಾಸ್ಕ್, ಸ್ಟೆರೈಲ್ ಗೌನು, ಗ್ಲೌಸುಗಳ ಜೊತೆಗೆ ರೋಗಿಯ ಮೈ ಪೂರ್ತಿ ಮುಚ್ಚುವ ದೊಡ್ಡ ಬಟ್ಟೆ ಬಳಸುವುದು, ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಶುದ್ಧಿ ಮಾಡುವುದು, ಸಾಧ್ಯವಾದಷ್ಟು ತೊಡೆಸಂದಿಯನ್ನು ಬಿಡುವುದು, ಬೇಡದ ಲೈನನ್ನು ತೆಗೆಯುವುದು, ಇಷ್ಟೇ. 1000 ಲೈನ್ ದಿನಗಳಿಗೆ 2.7 ಇದ್ದ ಮಧ್ಯಕ (ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ) ದರ ಮೂರು ತಿಂಗಳಲ್ಲಿ ಸೊನ್ನೆಗೆ ಇಳಿಯಿತು. 7.7 ಇದ್ದ ಸರಾಸರಿ ದರ 16ರಿಂದ 18 ತಿಂಗಳಲ್ಲಿ 1.4ಕ್ಕೆ ಬಂತು. ಆ ಯೋಜನೆಯ ಬೆನ್ನೆಲುಬು ಯಾವುದೆಂದರೆ, ತುರ್ತು ಸಂದರ್ಭದ ಹೊರತು, ಹಂತ ತಪ್ಪಿದಾಗ ಕೆಲಸ ನಿಲ್ಲಿಸಿ ಎನ್ನುವ ಅಧಿಕಾರ ಪಕ್ಕದಲ್ಲಿ ನಿಂತವರಿಗೆ ಇದ್ದದ್ದು. ಈ ಅಧಿಕಾರವನ್ನು ಸಿಸ್ಟರ್ ತಾವಾಗಿ ತೆಗೆದುಕೊಳ್ಳಲು ಆಗುವುದಿಲ್ಲ. ಐಸಿಯು ಮುಖ್ಯಸ್ಥರು ಎಲ್ಲರೆದುರು, ಬರಹದಲ್ಲಿ ಕೊಡಬೇಕು. ಕೊಟ್ಟ ಮೇಲೆ “ಸರ್, ಗ್ಲೌಸ್ ರೇಲಿಂಗಿಗೆ ತಾಗಿತು, ಬೇರೆ ತೆರೆಯುತ್ತೇನೆ” ಎಂದು ಹೇಳಿ ಹೊಸ ಪ್ಯಾಕೆಟ್ ಮುಂದಿಟ್ಟರೆ ಸಾಕು, ಅಲ್ಲಿ ವಾದಕ್ಕೆ ಜಾಗವೇ ಇರುವುದಿಲ್ಲ. ಬೇಕಾದ ಸಾಮಾನೆಲ್ಲ ಒಂದೇ ಟ್ರಾಲಿಯಲ್ಲಿ ಸಿದ್ಧವಿದ್ದರೆ ತಪ್ಪುಗಳು ಅರ್ಧ ಅಲ್ಲಿಯೇ ಕಡಿಮೆಯಾಗುತ್ತವೆ. ನಡುರಾತ್ರಿ ದೊಡ್ಡ ಬಟ್ಟೆಗಾಗಿ ಸ್ಟೋರಿನ ಕೀಲಿ ಹುಡುಕಬೇಕಾದ ಕಡೆ ಯಾರಾದರೂ ಚಿಕ್ಕ ಬಟ್ಟೆಯಲ್ಲಿಯೇ ಮುಗಿಸುತ್ತಾರೆ.

ಜಾಗದ ಆಯ್ಕೆಯ ಬಗ್ಗೆ ಹೇಳುವುದಾದರೆ, ಕೊರಳೆಲುಬಿನ ಕೆಳಗಿನ ಸಬ್‌ಕ್ಲೇವಿಯನ್ ನಾಳದಲ್ಲಿ ಸೋಂಕು ಕಡಿಮೆ ಎಂಬುದನ್ನು 2015ರಲ್ಲಿ ಪ್ರಕಟವಾದ ಫ್ರಾನ್ಸಿನ ದೊಡ್ಡ ಅಧ್ಯಯನ ತೋರಿಸಿತು. ಆದರೆ ಶ್ವಾಸಕೋಶದ ಪೊರೆಗೆ ಗಾಳಿ ಸೇರುವ ಅಪಾಯ ಅಲ್ಲಿ ಹೆಚ್ಚು. ಎದೆಯ ಶಸ್ತ್ರಚಿಕಿತ್ಸೆಯ ನೆರವು ದೂರವಿರುವ ನಮ್ಮ ತಾಲ್ಲೂಕುಗಳಲ್ಲಿ, ಅಲ್ಟ್ರಾಸೌಂಡ್ ನೋಡಿಕೊಂಡು ಕುತ್ತಿಗೆಯಲ್ಲಿ ಹಾಕುವುದನ್ನು ನಾನು ಹೆಚ್ಚಾಗಿ ಆರಿಸಿಕೊಳ್ಳುತ್ತೇನೆ. ಡಯಾಲಿಸಿಸ್ ಲೈನಿಗೆ ಸಬ್‌ಕ್ಲೇವಿಯನ್ ಬೇಡ, ಮುಂದೆ ಆ ನಾಳ ಕಿರಿದಾಗಿ ಫಿಸ್ಟುಲಾ (ಡಯಾಲಿಸಿಸಿಗಾಗಿ ಕೈಯ ಅಪಧಮನಿ, ಅಭಿಧಮನಿಗಳ ಜೋಡಣೆ) ಮಾಡಲು ತೊಂದರೆಯಾಗುತ್ತದೆ. ಅಪಘಾತದ ಸಂದರ್ಭದಲ್ಲಿ ಶುದ್ಧತೆಯ ಕ್ರಮ ಪೂರ್ತಿ ಪಾಲಿಸಲಾಗದೆ ಹಾಕಿದ ಲೈನನ್ನು ಆದಷ್ಟು ಬೇಗ, 48 ಗಂಟೆಯೊಳಗೆ, ಬದಲಾಯಿಸಬೇಕು. ಹಾಗೆಂದು ಚೆನ್ನಾಗಿರುವ ಲೈನನ್ನು ಇಂತಿಷ್ಟು ದಿನಕ್ಕೊಮ್ಮೆ ಎಂದು ಬದಲಾಯಿಸುವುದರಿಂದ ಸೋಂಕು ತಗ್ಗುವುದಿಲ್ಲ, ರೋಗಿಗೆ ಸೂಜಿಯ ಅಪಾಯ ಮಾತ್ರ ಹೆಚ್ಚುತ್ತದೆ.

ಬೆಳಗಿನ ರೌಂಡ್ಸಿನಲ್ಲಿ ಪ್ರತಿ ಹಾಸಿಗೆಯ ಬಳಿ ಈ ಲೈನ್ ಇವತ್ತು ಏತಕ್ಕೆ ಬೇಕು ಎಂದು ಕೇಳಿ. ರಕ್ತದೊತ್ತಡ ಏರಿಸುವ ಔಷಧ ನಿಂತಿದ್ದು, ಕೈಯಲ್ಲಿ ಒಳ್ಳೆಯ ಕ್ಯಾನುಲಾ ಇದ್ದು, ರಕ್ತ ತೆಗೆಯಲು ಅನುಕೂಲ ಎಂಬುದೊಂದೇ ಉತ್ತರವಾದರೆ ಆ ಲೈನನ್ನು ಅಂದೇ ತೆಗೆಯಬೇಕು.

ಮರುಪ್ರಶ್ನೆ: ಐಸಿಯು ಶುಶ್ರೂಷಾಧಿಕಾರಿ, ಕಾರವಾರ

ಮೂವರಿಗೂ ಕೃತಜ್ಞತೆಗಳು. ಒಂದೇ ಬಾಟಲಿಯ ಫ್ಲಶ್ ಬಗ್ಗೆ ನಮ್ಮ ಇನ್‌ಚಾರ್ಜ್ ಸಿಸ್ಟರ್ ಜೊತೆ ಮಾತನಾಡಿದ್ದೇನೆ, ಅವರು ಒಪ್ಪಿದ್ದಾರೆ. ಎರಡು ಸಂಶಯಗಳು ಉಳಿದಿವೆ. ಬೇರೆ ಆಸ್ಪತ್ರೆಗಳ ನಡುವೆ ಓಡಾಡುವ ರೋಗಿಗಳ ಲೆಕ್ಕ ಹೇಗೆ? ಮತ್ತು ನಮ್ಮಷ್ಟು ಚಿಕ್ಕ ಐಸಿಯುವಿನಲ್ಲಿ 1000 ದಿನಗಳ ದರಕ್ಕೆ ಅರ್ಥವಿದೆಯೇ?

ಉತ್ತರ: ಸೂಕ್ಷ್ಮಜೀವಿಶಾಸ್ತ್ರ ವೈದ್ಯೆ, ಕುಮಟಾ ಮೂಲದವರು

ಹೊರಗಿನಿಂದ ಲೈನ್ ಹಾಕಿಸಿಕೊಂಡು ಬಂದವರಿಗೆ, ನಿಮ್ಮ ವಾರ್ಡಿನಲ್ಲಿ ಆ ಲೈನನ್ನು ಮೊದಲು ಬಳಸಿದ ದಿನವೇ ಒಂದನೆಯ ದಿನ. ಬಂದ ದಿನ ಅಥವಾ ಮರುದಿನವೇ ಸೋಂಕಿನ ಲಕ್ಷಣ ಸಿಕ್ಕರೆ ಅದು ಬರುವಾಗಲೇ ಇದ್ದದ್ದು, ನಿಮ್ಮ ಲೆಕ್ಕಕ್ಕೆ ಸೇರದು. ಅದೇ ರೀತಿ ನಿಮ್ಮಿಂದ ಹೊರಟ ದಿನ ಅಥವಾ ಅದರ ಮರುದಿನ ಮಣಿಪಾಲದಲ್ಲೋ ಗೋವಾದಲ್ಲೋ ಸೋಂಕು ಪತ್ತೆಯಾದರೆ ಅದು ನಿಮ್ಮದು. ಇದಕ್ಕೆ ದೂರವಾಣಿಯಲ್ಲದೆ ಬೇರೆ ದಾರಿ ಇಲ್ಲ. ರೋಗಿಯ ಜೊತೆ ಹೋಗುವ ಚೀಟಿಯಲ್ಲಿ ಲೈನ್ ಹಾಕಿದ ದಿನಾಂಕ, ಜಾಗ, ಕೊನೆಯ ಡ್ರೆಸಿಂಗ್, ಫಲಿತಾಂಶ ಬರಬೇಕಾದ ಕಲ್ಚರ್ ಇಷ್ಟನ್ನು ಬರೆದು, ನಿಮ್ಮ ಐಸಿಯುವಿನ ದೂರವಾಣಿ ಸಂಖ್ಯೆ ಕೊಡಿ. ತಡವಾಗಿ ಬಂದ ವರದಿಯನ್ನು ನೀವೂ ಅದೇ ದಿನ ಆ ಕಡೆಗೆ ತಿಳಿಸಿ. ಲೆಕ್ಕ ಹಾಗಿರಲಿ, ಅಲ್ಲಿನ ವೈದ್ಯರಿಗೆ ಔಷಧ ಆರಿಸಲು ಆ ಕರೆ ಬೇಕೇ ಬೇಕು.

ಚಿಕ್ಕ ಐಸಿಯುವಿನ ದರ ತಿಂಗಳಿಂದ ತಿಂಗಳಿಗೆ ಜಿಗಿಯುತ್ತದೆ. ಉದಾಹರಣೆಗೆ, ಒಂದು ತಿಂಗಳಲ್ಲಿ 90 ಲೈನ್ ದಿನಗಳಿದ್ದು ಒಂದು ಸೋಂಕಾದರೆ ದರ 11.1 ಆಗುತ್ತದೆ, ಮುಂದಿನ ತಿಂಗಳು ಸೊನ್ನೆ. ಆರು ತಿಂಗಳು ಕೂಡಿಸಿ 540 ಲೈನ್ ದಿನಗಳಿಗೆ ಎರಡು ಸೋಂಕು ಎಂದರೆ 3.7. ಹೀಗೆ ಕೂಡಿಸಿ ನೋಡಿ. ದೆಹಲಿಯ ಏಮ್ಸ್ ಮುನ್ನಡೆಸುವ, ಆಸ್ಪತ್ರೆ ಸೋಂಕುಗಳ ಮೇಲೆ ನಿಗಾ ಇಡುವ ಜಾಲದಲ್ಲಿ 2017ರಿಂದ 2024ರವರೆಗೆ 54 ಆಸ್ಪತ್ರೆಗಳ 200 ಐಸಿಯುಗಳಿಂದ ಒಟ್ಟುಗೂಡಿಸಿದ ದರ 1000 ಲೈನ್ ದಿನಗಳಿಗೆ 8.83. ಅವು ಬಹುತೇಕ ದೊಡ್ಡ ಆಸ್ಪತ್ರೆಗಳು, ಆದ್ದರಿಂದ ಆ ಅಂಕಿಗಿಂತ ಕೆಳಗಿದ್ದೇವೆ ಎಂದು ನೆಮ್ಮದಿಯಾಗುವುದು ಬೇಡ. ನಿಮ್ಮ ಗೋಡೆಯ ಮೇಲೆ ಕಳೆದ ಸೋಂಕಿನಿಂದ ಎಷ್ಟು ದಿನವಾಯಿತು ಎಂದು ಬರೆಯುವುದು ಚಿಕ್ಕ ಘಟಕಕ್ಕೆ ಹೆಚ್ಚು ಅರ್ಥ ಕೊಡುತ್ತದೆ.

ಇದರ ಜೊತೆಗೆ ಆ ತಿಂಗಳು ಎಷ್ಟು ಬ್ಲಡ್ ಕಲ್ಚರ್ ಕಳುಹಿಸಿದ್ದೀರಿ, ಅದರಲ್ಲಿ ಎಷ್ಟು ಜೋಡಿ ಸೆಟ್ ಎಂಬುದನ್ನೂ ಅದೇ ಪುಟದಲ್ಲಿ ಬರೆಯಿರಿ. ಜ್ವರ ಬಂದವರಿಗೆ ಕಲ್ಚರ್ ತೆಗೆಯದೆ ನೇರವಾಗಿ ಆ್ಯಂಟಿಬಯೋಟಿಕ್ ಬದಲಾಯಿಸಿದ ತಿಂಗಳಿನಲ್ಲಿ ಸೋಂಕು ಸೊನ್ನೆಯೇ ಇರುತ್ತದೆ, ರೋಗಿ ಸತ್ತರೂ ರಿಜಿಸ್ಟರ್ ಸ್ವಚ್ಛವಾಗಿರುತ್ತದೆ. ಅಂಥ ಸೊನ್ನೆಯನ್ನು ಯಾರೂ ಮೆಚ್ಚಬಾರದು. ಕಲ್ಚರ್ ಸರಿಯಾಗಿ ಹೋಗಲು ಆರಂಭವಾದ ಮೊದಲ ತಿಂಗಳುಗಳಲ್ಲಿ ನಿಮ್ಮ ದರ ಏರಬಹುದು. ಆ ಏರಿಕೆಗೆ ಸಿಬ್ಬಂದಿಯನ್ನು ದೂರುವುದಿಲ್ಲ ಎಂಬ ಮಾತನ್ನು ಆಡಳಿತದಿಂದ ಮೊದಲೇ ಪಡೆದುಕೊಳ್ಳಿ. ಪ್ರತಿ ಸೋಂಕಿಗೂ ವಾರದೊಳಗೆ ವೈದ್ಯರು, ಸಿಸ್ಟರ್, ಲ್ಯಾಬಿನವರು ಒಟ್ಟಿಗೆ ಕುಳಿತು ಲೈನ್ ಯಾವಾಗ ಹಾಕಿದ್ದು, ಯಾವ ಜಾಗ, ಎಷ್ಟನೆಯ ದಿನ, ಡ್ರೆಸಿಂಗ್ ಹೇಗಿತ್ತು, ಆ ಪಾಳಿಗಳಲ್ಲಿ ಎಷ್ಟು ಜನ ಸಿಬ್ಬಂದಿ ಇದ್ದರು, ಆ ದಿನ ಲೈನ್ ನಿಜಕ್ಕೂ ಬೇಕಿತ್ತೇ ಎಂಬುದನ್ನು ಮಾತನಾಡಬೇಕು. ಸಿಬ್ಬಂದಿಯ ಸಂಖ್ಯೆಯನ್ನು ತಪ್ಪದೆ ಬರೆಯಿರಿ. ಒಬ್ಬ ಸಿಸ್ಟರ್ ಮೂರು ವೆಂಟಿಲೇಟರ್ ನೋಡುವ ರಾತ್ರಿ ಹಬ್ ಹದಿನೈದು ಸೆಕೆಂಡು ತಿಕ್ಕಲು ಸಮಯ ಸಿಗುವುದಿಲ್ಲ ಎಂಬುದು ಆಡಳಿತದವರ ಕಣ್ಣಿಗೆ ಬೀಳುವುದು ಆ ಒಂದು ಕಾಲಮಿನಿಂದಲೇ.

ರಿಜಿಸ್ಟರಿನ ಕಾಲಮುಗಳನ್ನು ಬರೆದಾದ ಮೇಲೆ ಇಲ್ಲಿ ಹಾಕಿ. ಶಿರಸಿಯ ಸಿಸ್ಟರ್ ಅವರೂ ನಾನೂ ನೋಡಿ, ಬಿಟ್ಟುಹೋದದ್ದನ್ನು ಸೇರಿಸಿ ಕೊಡುತ್ತೇವೆ.